ಯಜಮಾನರು ಕಾಯುತ್ತಿದ್ದ ತಪ್ಪು

ಕೆಲಸ ಕೇಳಿಕೊಂಡು ಹೋದ ದಿನ ಯಜಮಾನರು ನನ್ನ ಮಾರ್ಕ್ಸ್ ಕಾರ್ಡನ್ನು ಮುಟ್ಟಲೂ ಇಲ್ಲ. "ಕೂತ್ಕೊಳಮ್ಮ" ಎಂದರು. ಕೂತೆ. "ಇಲ್ಲೀಗಂಟ ಏನೇನ್ ತಪ್ಪು ಮಾಡಿದ್ದೀಯ, ಹೇಳು."

ನಾನು ಹುಲಿಕುಂಟೆಯವಳು. ಬಿ.ಕಾಂ. ಮುಗಿಸಿ, ಮದುವೆಯಾಗಿ ಮಧುಗಿರಿಗೆ ಬಂದು ಆಗಿನ್ನೂ ಕೆಲವೇ ತಿಂಗಳಾಗಿತ್ತು. ಇಂಥ ಪ್ರಶ್ನೆಗೆ ಉತ್ತರವನ್ನು ಯಾವ ಮೇಷ್ಟರೂ ಹೇಳಿಕೊಟ್ಟಿರಲಿಲ್ಲ. "ಏನೂ ಮಾಡಿಲ್ಲ ಸಾರ್" ಎಂದೆ, ಸ್ವಲ್ಪ ಜಂಬದಿಂದಲೇ.

ಅವರ ಮುಖ ಬಾಡಿಹೋಯಿತು. "ಏನೂ ಇಲ್ವಾ? ಹಾಲು ಉಕ್ಕಿಸಿದ್ದು? ಬ್ಯಾರೆ ಬಸ್ ಹತ್ತಿದ್ದು?"

"ಇಲ್ಲ ಸಾರ್."

"ಪಾಪ" ಎಂದರು. ಕೆಲಸ ಕೊಟ್ಟರು ನಿಜ. ಆದರೆ ಅದು ಕನಿಕರದಿಂದ ಕೊಟ್ಟದ್ದು ಅಂತ ನನಗೆ ಇವತ್ತಿಗೂ ಅನುಮಾನವಿದೆ.

ಅವರದು ನಾಲ್ಕು ಬಸ್ಸಿನ ಸಣ್ಣ ಕಂಪನಿ. ಪಾವಗಡದಿಂದ ಮಿಡಿಗೇಶಿ ಮೇಲೆ ಮಧುಗಿರಿಗೆ, ಮಧುಗಿರಿಯಿಂದ ಕೊರಟಗೆರೆಗೆ, ಇತ್ತ ಸಿರಾದಿಂದ ಬರಗೂರಿನ ಕಡೆಗೆ ಓಡುತ್ತಿದ್ದವು. ಬಸ್ ಸ್ಟ್ಯಾಂಡಿನ ಪಕ್ಕದಲ್ಲಿ ಒಂದು ಕೋಣೆಯ ಆಫೀಸು. ಅದರಲ್ಲಿ ಅವರ ಕುರ್ಚಿ, ನನ್ನ ಸ್ಟೂಲು, ಮತ್ತು ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚದೆ ಇಟ್ಟಿದ್ದ ಇನ್ನೊಂದು ಹೊಸ ಕುರ್ಚಿ. "ಅದು ಯಾರ್ದು?" ಎಂದು ಮೊದಲ ವಾರದಲ್ಲೇ ಕೇಳಿದ್ದೆ. "ಮ್ಯಾನೇಜರ್ದು" ಎಂದಿದ್ದರು. "ಯಾರು ಮ್ಯಾನೇಜರು?" ಎಂದರೆ "ಇನ್ನೂ ಸಿಕ್ಕಿಲ್ಲ" ಎಂದಿದ್ದರು. ಆ ಕುರ್ಚಿಯ ಮೇಲೆ ನನ್ನ ಕಣ್ಣು ಬಿದ್ದದ್ದು ಅವತ್ತೇ. ಇದನ್ನು ಮುಚ್ಚಿಡುವುದೇನಿದೆ? ಬೆನ್ನಿಗೆ ಆಸರೆಯಿಲ್ಲದ ಸ್ಟೂಲಿನ ಮೇಲೆ ಕೂತವರಿಗೆ ಅದರ ಕಷ್ಟ ಗೊತ್ತು.

ಜನರೊಳಗಿನ ವಿದ್ಯೆಯನ್ನು ಕಂಡುಹಿಡಿಯುವುದಕ್ಕೆ ಅವರದೇ ಒಂದು ಶಾಸ್ತ್ರವಿತ್ತು. ಮನುಷ್ಯ ಸರಿಯಾಗಿ ಮಾಡುವುದೆಲ್ಲ ಬೇರೆಯವರು ಹೇಳಿಕೊಟ್ಟದ್ದು, ತಪ್ಪು ಮಾತ್ರ ಅವನ ಸ್ವಂತದ್ದು ಎನ್ನುವುದು ಅದರ ಸಾರ. ಆದ್ದರಿಂದ ಯಾರಾದರೂ ಎಡವಟ್ಟು ಮಾಡಿಕೊಂಡು ಬಂದರೆ ಬೈಯುತ್ತಿರಲಿಲ್ಲ. ಬೇಕರಿಯಿಂದ ಒಂದು ಟೀ, ಒಂದು ಖಾರಾ ಬನ್ನು ತರಿಸಿ ಅವನ ಮುಂದಿಡುತ್ತಿದ್ದರು. ಆಮೇಲೆ ಪಂಚೆಯನ್ನು ಮಂಡಿಯ ಮೇಲೆ ಎಳೆದುಕೊಂಡು, ವಿಭೂತಿಯ ಹಣೆಯನ್ನು ಗೋಡೆಯ ಕಡೆಗೆತ್ತಿ ಕಣ್ಣು ಮುಚ್ಚುತ್ತಿದ್ದರು. "ಹೆಂಗಾಯ್ತು? ಮೊದ್ಲಿಂದ ಹೇಳು." ಅವನು ಹೇಳುತ್ತ ಹೋದಂತೆ ನಡುನಡುವೆ "ಆಮೇಲೆ?" ಎನ್ನುವರು. ಹರಿಕಥೆ ಕೇಳುವವರ ಮುಖದಲ್ಲೂ ಅಷ್ಟು ಸಂತೋಷವನ್ನು ನಾನು ಕಂಡಿಲ್ಲ. ಆಫೀಸಿಗೆ ಟೀ, ಬನ್ನು ಹೋಯಿತೆಂದರೆ ಸ್ಟ್ಯಾಂಡಿನಲ್ಲಿ ಹೂ ಮಾರುವವರಿಗೂ ಗೊತ್ತಾಗುತ್ತಿತ್ತು, ಯಾರೋ ಏನೋ ಹಾಳುಮಾಡಿಕೊಂಡು ಬಂದಿದ್ದಾರೆ ಅಂತ.

ಈ ಶಾಸ್ತ್ರ ಅವರಿಗೆ ಎಲ್ಲಿ ಸಿಕ್ಕಿತು ಎಂಬುದನ್ನು ಅವರ ಹೆಂಡತಿಯೇ ನನಗೆ ಹೇಳಿದ್ದರು. ಅವರನ್ನು ನಾವೆಲ್ಲ ಅಮ್ಮೋರು ಎನ್ನುತ್ತಿದ್ದೆವು. ಯಜಮಾನರು ಹರೆಯದಲ್ಲಿ ನಾಗಲಮಡಿಕೆಗೆ ಹೆಣ್ಣು ನೋಡಲು ಹೋಗಿ, ಗುರುತು ತಪ್ಪಿ ಪಕ್ಕದ ಬೀದಿಯ ಮನೆಗೆ ನುಗ್ಗಿದರಂತೆ. ಆ ಮನೆಯವರು ಯಾರೋ ದೊಡ್ಡವರು ಬಂದರು ಅಂತ ಉಪ್ಪಿಟ್ಟು ಕೊಟ್ಟರು. ಇವರು ತಿಂದು, ಉಪ್ಪಿಟ್ಟು ಮಾಡಿದ ಹುಡುಗಿಯನ್ನು ಒಪ್ಪಿಕೊಂಡು ಎದ್ದರು. ನೋಡಬೇಕಿದ್ದ ಮನೆಯವರು ಸಂಜೆಯವರೆಗೂ ಬಾಗಿಲಲ್ಲಿ ಕಾದರಂತೆ. "ತಪ್ಪು ಅಂತ ಗೊತ್ತಾದ್ಮೇಲೂ ಎದ್ದು ಹೋಗ್ಲಿಲ್ಲ ಕಣಮ್ಮ. ಇನ್ನೊಂದ್ ಸ್ವಲ್ಪ ಉಪ್ಪಿಟ್ಟು ಹಾಕ್ರಿ ಅಂದ್ರು" ಎಂದು ಅಮ್ಮೋರು ನಗುತ್ತಿದ್ದರು. ಅವತ್ತು ಉಪ್ಪಿಟ್ಟು ಬಡಿಸಿದವನು ಅಮ್ಮೋರ ತಮ್ಮ. ಆ ಪುಣ್ಯಾತ್ಮ ಈಗ ಪಾವಗಡದಲ್ಲಿದ್ದಾನೆ. ಅವನ ವಿಷಯ ಮುಂದೆ ಬರುತ್ತದೆ.

ಸಿರಾದ ರಫೀಕಣ್ಣ ನಮ್ಮ ಡ್ರೈವರು. ಒಮ್ಮೆ ರಸ್ತೆ ಅಗೆದಿದ್ದಾರೆಂದು ಬಳಸು ದಾರಿ ಹಿಡಿದವನು, ಬರಗೂರಿನ ಆಚೆ ಎಲ್ಲೋ ದಾರಿ ತಪ್ಪಿ, ಬಸ್ಸು ತಿರುಗಿಸಲೂ ಜಾಗವಿಲ್ಲದ ಒಂದು ಹಟ್ಟಿಗೆ ಹೋಗಿ ನಿಂತ. ಹಟ್ಟಿಯ ಜನ ಕೊನೆಗೂ ನಮಗೊಂದು ಬಸ್ಸು ಬಂತೆಂದು ಆರತಿ ತಂದು ಬೆಳಗಿ, ಎಲ್ಲರೂ ಹತ್ತಿ ಕೂತರು. ಎಲ್ಲಿಗೆ ಹೋಗಬೇಕು ಎಂದು ಯಾರಿಗೂ ನಿರ್ದಿಷ್ಟವಾಗಿ ಗೊತ್ತಿರಲಿಲ್ಲ. ಬಸ್ಸು ಬಂದಿದೆ, ಹೋಗಬೇಕು, ಅಷ್ಟೇ. ಸಿರಾಕ್ಕೆ ಹೋಗಬೇಕಿದ್ದ ಹಳೇ ಪ್ಯಾಸೆಂಜರುಗಳು ಆರತಿ ತಟ್ಟೆಗೆ ಕಾಸು ಹಾಕಬೇಕೋ ಬೇಡವೋ ತಿಳಿಯದೆ ಕೂತಿದ್ದರಂತೆ.

ಯಜಮಾನರು ಕಣ್ಣು ಮುಚ್ಚಿಕೊಂಡು ಇದನ್ನೆಲ್ಲ ಕೇಳಿದರು. ರಫೀಕಣ್ಣನಿಗೆ ಎರಡನೇ ಬನ್ನು ತರಿಸಿದರು. "ದಿನಾ ಅಲ್ಲೇ ದಾರಿ ತಪ್ಪು" ಎಂದರು. ಪರ್ಮಿಟ್ಟಿಗೆ ಓಡಾಡಿ ಚಪ್ಪಲಿ ಸವೆಸಿದ್ದು ನಾನು, ಅದು ಬೇರೆ ಮಾತು. ಆ ದಾರಿ ಆಮೇಲೆ ನಮಗೆ ಅನ್ನ ಹಾಕಿತು. ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಯಜಮಾನರು ವಿದ್ಯೆಯನ್ನು ಕಂಡರೆ ಬೆಳೆಸದೆ ಬಿಡುವವರಲ್ಲ. ವಾರಕ್ಕೊಂದು ದಿನ ರಫೀಕಣ್ಣನಿಗೆ ಖಾಲಿ ಗಾಡಿ ಕೊಟ್ಟು ದಾರಿ ತಪ್ಪುವ ಡ್ಯೂಟಿಗೆ ಹಾಕಿದರು. ಪಾಪ ಅವನು ಬೆವರು ಸುರಿಸಿ ಪ್ರಯತ್ನಪಟ್ಟ. ಬೇಕೆಂದೇ ತಪ್ಪಲು ಹೋದರೆ ಎಲ್ಲ ದಾರಿಯೂ ಸಿರಾಕ್ಕೇ ಬಂದು ಸೇರುತ್ತಿತ್ತು. ವಿಚಾರಿಸಿದಾಗ, ಮೊದಲ ಸಲ ದಾರಿ ತಪ್ಪಿದ ದಿನ ಅವನು ಮನೆಯಲ್ಲಿ ಹೆಂಡತಿಯ ಜೊತೆ ಜಗಳವಾಡಿ ಬಂದಿದ್ದನೆಂದು ತಿಳಿಯಿತು. ಅಲ್ಲಿಂದ ಮುಂದೆ ಯಜಮಾನರು ಅವನನ್ನು ಕಂಡಾಗಲೆಲ್ಲ "ಮನೇಲಿ ಹೆಂಗೈತೆ ರಫೀಕಾ?" ಎಂದು ಆಸೆಯಿಂದ ಕೇಳುವರು. "ಸಬ್ ಖೈರಿಯತ್ ಯಜಮಾನ್ರೇ, ಚೆನ್ನಾಗವ್ಳೆ" ಎಂದರೆ ಇವರಿಗೆ ನಿರಾಸೆ.

ಪಾವಗಡದ ಈರಣ್ಣ ಕಂಡಕ್ಟರಾಗಿದ್ದ. ಅವನ ಬಾಯಿಂದ ಬಂದದ್ದರಲ್ಲಿ ನಿಜ ಯಾವುದೆಂದು ಅವನಿಗೂ ಗೊತ್ತಿರಲಿಲ್ಲ. ಮಿಡಿಗೇಶಿಯ ಹತ್ತಿರ ಟೈರು ಪಂಕ್ಚರಾದಾಗ, ಪ್ಯಾಸೆಂಜರುಗಳು ಗಲಾಟೆ ಮಾಡಬಾರದು ಅಂತ, ಮುಂದೆ ಕರಡಿಯೊಂದು ಮರಿ ಕಟ್ಟಿಕೊಂಡು ರಸ್ತೆ ದಾಟುತ್ತಿದೆ, ಬಾಣಂತಿ, ಅದಕ್ಕೇ ಡ್ರೈವರು ಮರ್ಯಾದೆಗೆ ನಿಲ್ಲಿಸಿದ್ದಾನೆ ಎಂದುಬಿಟ್ಟ. ಜನ ಬಾಯಿಮೇಲೆ ಬೆರಳಿಟ್ಟುಕೊಂಡು ಕೂತರು. ಟೈರು ಬದಲಾಯಿತು, ಬಸ್ಸು ಹೊರಟಿತು. ಮಾರನೇ ದಿನ ಒಬ್ಬರು ಮುದುಕರು ಆಫೀಸಿಗೆ ಬಂದು, ಎಡಗಡೆ ಸೀಟಿನವರಿಗೆ ಕರಡಿ ಕಾಣಿಸಲೇ ಇಲ್ಲ, ಇದು ಯಾವ ನ್ಯಾಯ ಎಂದು ಜಗಳ ತೆಗೆದರು.

ಈರಣ್ಣನಿಗೆ ಬನ್ನು ಬಂತು. ಕಂಡಕ್ಟರ್ ಚೀಲ ಹೋಯಿತು. ಅವನನ್ನು ವಿಚಾರಣೆ ಕಿಟಕಿಯಲ್ಲಿ ಕೂರಿಸಿದರು. "ಸುಳ್ಳು ಹೇಳು, ಬ್ಯಾಡ ಅನ್ನಕಿಲ್ಲ. ಆದ್ರೆ ಟೈಮ್ ಒಂದನ್ನ ನಿಜ ಹೇಳು. ಮಿಕ್ಕಿದ್ದು ನಿನ್ನಿಷ್ಟ." ಇದು ಅವರು ಕೊಟ್ಟ ಒಂದೇ ತರಬೇತಿ. ಇವತ್ತಿಗೂ ಬಸ್ಸು ತಡವಾದರೆ ಈರಣ್ಣ ಕಿಟಕಿಯಿಂದ ಕೈ ಹೊರಗೆ ಹಾಕಿ, "ವಸ್ತಾಂದಿ, ವಸ್ತಾಂದಿ! ಬತ್ತಾ ಐತೆ, ಅರ್ಧ ಗಂಟೆ ಆಯ್ತದೆ. ಕೊರಟಗೆರೇಲಿ ಡ್ರೈವರ್ಗೆ ನೆಂಟ್ರು ಸಿಕ್ಕವ್ರೆ, ಹೋಳಿಗೆ ತಿನ್ನು ಅಂತ ಕೈ ಹಿಡ್ಕಂಡವ್ರೆ" ಎನ್ನುತ್ತಾನೆ. ಅರ್ಧ ಗಂಟೆ ನಿಜ, ಹೋಳಿಗೆ ಸುಳ್ಳು. ಜನ ಹೋಳಿಗೆಯ ಮುಲಾಜಿಗೆ ಕಾಯುತ್ತಾರೆ.

ಬಸ್ಸು ತೊಳೆಯುವ ತಿಮ್ಮಕ್ಕ ಒಮ್ಮೆ ಸೀಟು ಒರೆಸುತ್ತಲೇ ನಿದ್ದೆ ಹೋಗಿ ಪಾವಗಡದಲ್ಲಿ ಎದ್ದಳು. ಅವಳಿಗೂ ಬನ್ನು. ಅವತ್ತಿನಿಂದ ತಿಂಗಳಿಗೊಂದು ಸಲ ಅವಳನ್ನು ಒಂದೊಂದು ಬಸ್ಸಿನ ಹಿಂದಿನ ಸೀಟಿನಲ್ಲಿ ಮಲಗಿಸಿ ಕಳಿಸುವ ಪದ್ಧತಿ ಶುರುವಾಯಿತು. ದಾರಿಯಲ್ಲಿ ತಿಮ್ಮಕ್ಕನಿಗೆ ಎಚ್ಚರವಾದರೆ ಗಾಡಿಯ ಕಟ್ಟು ಸಡಿಲಾಗಿದೆ ಎಂದರ್ಥ, ಸೀದಾ ಗ್ಯಾರೇಜಿಗೆ. ಎಲ್ಲ ಸಲವೂ ಶಾಸ್ತ್ರ ಫಲಿಸುತ್ತಿತ್ತು ಅಂತಲ್ಲ. ಒಬ್ಬ ಮೆಕ್ಯಾನಿಕ್ಕು ಗಾಡಿ ಬಿಚ್ಚಿ ಜೋಡಿಸಿದರೆ ಕೊನೆಗೆ ಒಂದಷ್ಟು ಬೋಲ್ಟು ಉಳಿಯುತ್ತಿದ್ದವು. ಇವನು ಕಮ್ಮಿ ಸಾಮಾನಿನಲ್ಲಿ ಗಾಡಿ ಓಡಿಸುವ ಜಾಣ ಎಂದು ಯಜಮಾನರು ಹಿಗ್ಗಿ, ಹಳೇ ಬಸ್ಸೊಂದನ್ನು ಪೂರ್ತಿ ಬಿಚ್ಚಿ ಕಟ್ಟಲು ಕೊಟ್ಟರು. ಒಂದು ಬಕೆಟ್ಟು ಸಾಮಾನು ಉಳಿಯಿತು. ಬಸ್ಸು ಕೊರಟಗೆರೆಯವರೆಗೂ ಓಡಿತು. ಅಲ್ಲಿ ಗೇರ್ ರಾಡು ಡ್ರೈವರ್ ಕೈಗೇ ಬಂತು, ನಾಲ್ಕರಲ್ಲಿ ಆ ಒಂದು ಗಾಡಿ ಮೂಲೆ ಸೇರಿತು. "ಕೆಲವ್ರ ತಪ್ಪು ಬರೀ ತಪ್ಪೇ ಕಣಮ್ಮ" ಎಂದು ಯಜಮಾನರು ಎರಡು ದಿನ ಮಂಕಾಗಿದ್ದರು.

ಒಮ್ಮೆ ತುಮಕೂರಿನಲ್ಲಿ ಸಣ್ಣ ಉದ್ದಿಮೆದಾರರಿಗೆ ಒಂದು ದಿನದ ಶಿಬಿರವಿತ್ತು. ನಾನೇ ಒತ್ತಾಯಿಸಿ ಕರೆದುಕೊಂಡು ಹೋದೆ. ನನ್ನ ಲೆಕ್ಕಾಚಾರ ಬೇರೆ ಇತ್ತು. ನೌಕರರಿಗೆ ಬಡ್ತಿ ಕೊಡಿ, ಒಳಗಿನವರನ್ನೇ ಬೆಳೆಸಿ ಎಂದು ಯಾರಾದರೂ ಕೋಟು ಹಾಕಿಕೊಂಡು ಹೇಳಿದರೆ ಇವರ ತಲೆಗೆ ಹೋದೀತು ಅಂತ. ಕೋಟಿನವರು ಹಾಗೇ ಹೇಳಿದರು. ಕೊನೆಗೆ ಯಜಮಾನರ ಕಡೆ ಮೈಕು ಹಿಡಿದು, "ನಿಮ್ಮ ಸಿಬ್ಬಂದಿಯ ಪ್ರತಿಭೆಯನ್ನು ನೀವು ಹೇಗೆ ಗುರುತಿಸುತ್ತೀರಿ?" ಎಂದು ಕೇಳಿದರು.

"ಕಾಯ್ತೀನಿ" ಎಂದರು ಯಜಮಾನರು. "ಎಲ್ಲೋ ಒಂದ್ಕಡೆ ಎಡವ್ತಾರೆ."

ಸಭೆ ನಕ್ಕಿತು. ನಾನು ನಗಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ನೇರವಾಗಿ ಕೇಳಿಯೇಬಿಟ್ಟೆ: "ನನಗೆ ಆ ಕುರ್ಚಿ ಯಾವಾಗ ಕೊಡ್ತೀರಾ ಯಜಮಾನ್ರೇ?"

ಅವರು ಕಿಟಕಿಯಾಚೆ ನೋಡುತ್ತ ಕೂತರು. "ಕೊಡಾಕ್ ನಂಗೂ ಆಸೆ ಕಣಮ್ಮ. ಆದ್ರೆ ನಿಂದು ಏನು ಅಂತ್ಲೇ ಇನ್ನೂ ಗೊತ್ತಾಗಿಲ್ವಲ್ಲ. ಒಂದಾದ್ರೂ ತಪ್ಪು ಮಾಡೀಯಾ ಅಂತ ನೋಡ್ತಾ ಇವ್ನಿ."

ನನ್ನ ಕೆಲಸ ಏನೆಂದು ಇಲ್ಲಿ ಹೇಳಬೇಕು. ಖಾಸಗಿ ಬಸ್ಸಿನವರಿಗೆ ಟೈಮೇ ಪ್ರಾಣ. ಒಂದು ನಿಮಿಷ ಮುಂಚೆ ಬಿಟ್ಟರೆ ಮುಂದಿನ ಬಸ್ಸಿನವರು ಕಾಲರ್ ಹಿಡಿಯುತ್ತಾರೆ, ಒಂದು ನಿಮಿಷ ತಡವಾದರೆ ಹಿಂದಿನವನು ನಮ್ಮ ಜನರನ್ನು ತುಂಬಿಕೊಂಡು ಹೋಗುತ್ತಾನೆ. ಅದಕ್ಕೆ ಡ್ರೈವರು ಯಾವ ಊರಲ್ಲೇ ಇರಲಿ, ಗಾಡಿ ಸ್ಟಾರ್ಟ್ ಮಾಡಿ ನನಗೆ ಫೋನ್ ಹಚ್ಚುತ್ತಾನೆ. "ಅಕ್ಕ, ಬುಡ್ಲಾ?" ನಾನು ಗಡಿಯಾರ ನೋಡಿ "ಬುಡಿ" ಎನ್ನುತ್ತೇನೆ. ಬೆಳಗಿನಿಂದ ರಾತ್ರಿಯವರೆಗೆ ಇದೇ. ಹೆರಿಗೆಗೆ ರಜ ಹಾಕಿದ್ದಾಗಲೂ ಮಂಚದ ಮೇಲಿಂದ "ಬುಡಿ" ಎಂದವಳು ನಾನು. ಒಂದು ಸಲವೂ ತಪ್ಪಿಲ್ಲ.

ಆದರೂ ಕುರ್ಚಿಯ ಆಸೆ ಬಿಡುತ್ತದೆಯೇ? ಒಂದು ದಿನ ಮನಸ್ಸು ಗಟ್ಟಿಮಾಡಿಕೊಂಡು ಪಾವಗಡದ ಬಸ್ಸಿಗೆ ಕೊರಟಗೆರೆಯ ಬೋರ್ಡು ಹಾಕಿಸಿ ಕಳಿಸಿದೆ. ದೊಡ್ಡ ರಾದ್ಧಾಂತವಾಯಿತು. ನಾನು ತಲೆ ತಗ್ಗಿಸಿ ಯಜಮಾನರ ಮುಂದೆ ನಿಂತೆ. ಒಳಗೊಳಗೇ ಖುಷಿ. ಅವರು ಕಣ್ಣು ಮುಚ್ಚಲಿಲ್ಲ. ನನ್ನನ್ನು ಮೇಲಿಂದ ಕೆಳಗಿನವರೆಗೂ ನೋಡಿದರು. "ಇದು ಮಾಡಿದ್ದು ಕಣಮ್ಮ, ಆಗಿದ್ದಲ್ಲ" ಎಂದರು. ಬೇಕರಿಗೆ ಹೊರಟಿದ್ದ ಈರಣ್ಣನನ್ನು ಕರೆದು, "ಬನ್ನು ಬ್ಯಾಡ, ಬರೀ ಟೀ ತಗಂಬಾ" ಎಂದರು. ಆ ಬನ್ನಿಲ್ಲದ ಟೀ ಕುಡಿಯುವಾಗ ಆದ ಅವಮಾನವನ್ನು ನಾನು ಜನ್ಮದಲ್ಲಿ ಮರೆಯಲಾರೆ.

ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆಯಾದ ಮೇಲೆ ನಮ್ಮ ಗಾಡಿಗಳು ಅರ್ಧ ಖಾಲಿ ಓಡತೊಡಗಿದವು. ಅದೇ ಹೊತ್ತಿಗೆ ಯಜಮಾನರು ಹಾಸಿಗೆ ಹಿಡಿದರು. ಮಕ್ಕಳಿಲ್ಲ. ಅಮ್ಮೋರ ತಮ್ಮ ಪಾವಗಡದಿಂದ ಬಂದಾಗಲೆಲ್ಲ ಬಸ್ಸುಗಳ ಸುತ್ತ ಒಂದು ಸುತ್ತು ಹಾಕಿ, ಟೈರು ಒದ್ದು ನೋಡಿ, "ಮಾರ್ಬುಡಾಣ ಭಾವ" ಎನ್ನುತ್ತಿದ್ದ. ಮಾರಿದರೆ ರಫೀಕಣ್ಣ, ಈರಣ್ಣ, ತಿಮ್ಮಕ್ಕ ಎಲ್ಲಿಗೆ ಹೋಗಬೇಕು? ದಾರಿ ತಪ್ಪುವುದಕ್ಕೆ, ಸುಳ್ಳು ಹೇಳುವುದಕ್ಕೆ, ನಿದ್ದೆ ಮಾಡುವುದಕ್ಕೆ ಬೇರೆ ಯಾವ ಕಂಪನಿಯಲ್ಲಿ ಕೆಲಸ ಕೊಡುತ್ತಾರೆ?

ಕೊನೆಯ ಸಲ ನೋಡಲು ಹೋದಾಗ ಹಾಸಿಗೆಯ ಪಕ್ಕ ಕೂತು ಕೇಳಿದೆ. "ಈಗಲಾದ್ರೂ ಹೇಳಿ ಯಜಮಾನ್ರೇ. ನಂದೇನು?"

ದನಿ ಸಣ್ಣಗಾಗಿತ್ತು. "ಸಿಗ್ತದೆ. ನಾನಿಲ್ದಿದ್ರೆ ಇವ್ಳು ನೋಡ್ಕೊಂತಾಳೆ" ಎಂದು ಅಮ್ಮೋರ ಕಡೆ ಗದ್ದ ತೋರಿಸಿದರು.

ಒಂದು ಬೆಳಗಿನ ಜಾವ ಫೋನ್ ಬಂತು. ಅಮ್ಮೋರ ತಮ್ಮ. "ಭಾವ ಹೋಗ್ಬುಟ್ರು. ಎಲ್ಲಾ ಗಾಡಿ ನಿಲ್ಸಮ್ಮ, ಡ್ರೈವರ್ಗಳಿಗೆ ಹೇಳು." ನಮ್ಮ ಬಸ್ಸಿನವರಲ್ಲಿ ಅದೊಂದು ಕಟ್ಟಳೆ. ಯಜಮಾನ ಹೋದರೆ ಅಂದು ಅವನ ಒಂದು ಗಾಡಿಯೂ ರಸ್ತೆಗಿಳಿಯಬಾರದು. ಎಲ್ಲವನ್ನೂ ಮನೆಯ ಮುಂದೆ ಸಾಲಾಗಿ ನಿಲ್ಲಿಸಬೇಕು. ಆಯಿತು ಎಂದೆ. ಆಫೀಸಿನ ಬಾಗಿಲು ತೆಗೆದೆ. ಅವರ ಕುರ್ಚಿ ಖಾಲಿ ಇತ್ತು. ಎಷ್ಟೋ ದಿನದಿಂದ ಖಾಲಿಯೇ ಇತ್ತು, ಆದರೆ ಆ ದಿನ ಕಂಡ ಹಾಗೆ ಯಾವತ್ತೂ ಕಂಡಿರಲಿಲ್ಲ. ನಾನು ಸ್ಟೂಲಿನ ಮೇಲೆ ಕೂತು ಗೋಳೋ ಎಂದು ಅತ್ತೆ. ನನ್ನ ಅಪ್ಪ ಹೋದಾಗಲೂ ಹಾಗೆ ಅತ್ತವಳಲ್ಲ.

ಅಳುತ್ತಿರುವಾಗಲೇ ಪಾವಗಡದಿಂದ ಫೋನ್ ಬಂತು. "ಅಕ್ಕ, ಬುಡ್ಲಾ?" ಗಡಿಯಾರ ನೋಡಿದೆ. "ಬುಡಿ" ಎಂದೆ. ಆಮೇಲೆ ಕೊರಟಗೆರೆ. "ಬುಡಿ." ಆಮೇಲೆ ಸಿರಾ, ರಫೀಕಣ್ಣ. "ಯಾಕಮ್ಮ, ಅಳ್ತಾ ಇದ್ದೀಯಾ?" ಎಂದ.

"ಯಜಮಾನ್ರು ಹೋಗ್ಬುಟ್ರು ರಫೀಕಣ್ಣ."

"ಯಾ ಅಲ್ಲಾ" ಎಂದ. ಮತ್ತೆ ಮೆಲ್ಲಗೆ, "ಅಂಗಾರೆ… ಗಾಡಿ ಬುಡ್ಲಾ?"

"ಬುಡಿ, ಟೈಮಾಯ್ತು."

ನನ್ನಾಣೆ, ನಾನೇನು ಹೇಳಿದೆನೆಂಬ ಅರಿವು ನನಗಿರಲಿಲ್ಲ. ಕಣ್ಣೊರೆಸಿಕೊಂಡು ಯಜಮಾನರ ಮನೆಗೆ ನಡೆದೆ. ವಿಭೂತಿ ಹಚ್ಚಿ, ಹೂ ಹಾಕಿ ಅವರನ್ನು ಜಗಲಿಯಲ್ಲಿ ಕೂರಿಸಿದ್ದರು. ಕಣ್ಣು ಮುಚ್ಚಿತ್ತು. ಈಗ ಯಾರಾದರೂ ತಮ್ಮ ತಪ್ಪು ಹೇಳಿದರೆ ಕೇಳಿಸಿಕೊಳ್ಳುವವರ ಹಾಗಿದ್ದರು. ಹೊತ್ತು ಮೇಲೇರುತ್ತಿದ್ದಂತೆ ಬೀದಿಯ ತಿರುವಿನಲ್ಲಿ ನಮ್ಮ ಹಾರನ್ನು ಕೇಳಿಸಿತು. ಗಾಡಿ ನಿಲ್ಲಿಸಬೇಕೆಂಬ ಮಾತು ನನಗೆ ನೆನಪಾದದ್ದು ಆಗ. ಪಾವಗಡದ ಬಸ್ಸು ಬಂದು ನಿಂತಿತು. ಅದರ ಹಿಂದೆ ಕೊರಟಗೆರೆಯದು. ಅದರ ಹಿಂದೆ, ಬರಗೂರಿನ ಕಡೆಯಿಂದ ಸೀದಾ ಇಲ್ಲಿಗೇ ತಿರುಗಿಸಿಕೊಂಡು ಬಂದ ರಫೀಕಣ್ಣನದು. ಪುಕ್ಕಟೆ ಬಸ್ಸು ಬಂದ ಮೇಲೆ ಅಷ್ಟು ತುಂಬಿದ ನಮ್ಮ ಗಾಡಿಗಳನ್ನು ನಾನು ನೋಡಿರಲಿಲ್ಲ. ಸ್ಟಾಪು ಸ್ಟಾಪಿನಲ್ಲೂ ಸುದ್ದಿ ಕೇಳಿ ಜನ ಹತ್ತಿದ್ದರು. ಆ ದಾರಿ ತಪ್ಪಿದ ಹಟ್ಟಿಗೆ ಹಟ್ಟಿಯೇ ಇಳಿಯಿತು. ಕರಡಿ ಕಾಣದ ಮುದುಕರೂ ಇಳಿದರು.

ಪಾವಗಡದ ಬಸ್ಸಿನಿಂದ ಮೊದಲು ಇಳಿದವನು ಅಮ್ಮೋರ ತಮ್ಮ. ಭಾವನ ಬಸ್ಸೆಂದು ಅವನು ಎಂದೂ ಟಿಕೆಟ್ ತೆಗೆದವನಲ್ಲ, ಅಂದೂ ಅಭ್ಯಾಸದಂತೆ ಅದನ್ನೇ ಹತ್ತಿದ್ದ. ಇಳಿದವನೇ ನನ್ನ ಮೇಲೆ ಎರಗಿದ. "ನಾನು ಹೇಳಿದ್ದೇನು, ನೀನು ಮಾಡಿರೋದೇನು? ಯಜಮಾನ ಸತ್ತವ್ನೆ, ಗಾಡಿ ಓಡಿಸ್ತೀಯಾ?" ಅವನು ಬಂದದ್ದು ಯಾವುದರಲ್ಲಿ ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ನನಗಂತೂ ನೆಲ ಬಾಯಿಬಿಟ್ಟರೆ ಸಾಕಾಗಿತ್ತು.

ಮಣ್ಣು ಮಾಡಿ ಬಂದ ಮೇಲೆ, ಸಂಜೆ, ಎಲ್ಲರೂ ಅಂಗಳದಲ್ಲಿ ಕೂತಿದ್ದಾಗ ಅವನು ಮತ್ತೆ ಎತ್ತಿದ. "ಅಕ್ಕ, ಮೊದ್ಲು ಇವಳ್ನ ತೆಗೀ. ಗಾಡಿಗಳ್ನ ಹೆಂಗೂ ಮಾರ್ಬುಡಾಣ."

ಅಮ್ಮೋರು ಗೋಡೆಗೆ ಒರಗಿ ಕೂತಿದ್ದರು. "ಮ್ಯಾನೇಜರ್ನ ಕೇಳ್ದೆ ಹೆಂಗೆ ಮಾರಾದು?" ಎಂದರು.

"ಯಾವ ಮ್ಯಾನೇಜರು?"

ಅಮ್ಮೋರು ಈರಣ್ಣನ ಕಡೆ ತಿರುಗಿದರು. "ಈರಣ್ಣ, ಬೇಕರಿಗ್ ಹೋಗಿ ಒಂದ್ ಟೀ, ಒಂದ್ ಖಾರಾ ಬನ್ನು ತಗಂಬಾ" ಎಂದರು. ಸಾವಿನ ಮನೆಯಲ್ಲಿ ಇದೇನು ಎಂದು ನೆಂಟರು ಮುಖ ಮುಖ ನೋಡಿಕೊಂಡರು. ಕಂಪನಿಯವರಿಗೆ ಮಾತ್ರ ಅರ್ಥವಾಯಿತು. ತಿಮ್ಮಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. ಈರಣ್ಣ ಓಡಿಹೋಗಿ ತಂದು, ಒಂದು ಸುಳ್ಳನ್ನೂ ಹೇಳದೆ, ನನ್ನ ಮುಂದಿಟ್ಟ. ಅಮ್ಮೋರು ಸೀರೆಯನ್ನು ಮಂಡಿಯ ಮೇಲೆ ಸರಿಮಾಡಿಕೊಂಡು, ಹಣೆ ಎತ್ತಿ, ಕಣ್ಣು ಮುಚ್ಚಿದರು.

"ಹೆಂಗಾಯ್ತು? ಮೊದ್ಲಿಂದ ಹೇಳು."

ನಾನು ಬನ್ನು ಮುರಿದೆ. ಅಳುತ್ತಳುತ್ತಲೇ ಬೆಳಗಿನ ಫೋನಿನಿಂದ ಶುರುಮಾಡಿದೆ. ಸಿರಾದವರೆಗೂ ಬಂದಿರಲಿಲ್ಲ, ನನ್ನ ಫೋನೇ ಹೊಡೆದುಕೊಂಡಿತು. ಪಾವಗಡಕ್ಕೆ ಹೋಗುವ ಕೊನೆಯ ಗಾಡಿ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು ಅಮ್ಮೋರನ್ನು ನೋಡಿದೆ. ಅವರು ಕಣ್ಣು ಬಿಡಲಿಲ್ಲ. "ಕೇಳ್ತಾವ್ರಲ್ಲ, ಹೇಳು" ಎಂದರು.

ಗೋಡೆಯ ಗಡಿಯಾರ ನೋಡಿದೆ. "ಬುಡಿ" ಎಂದೆ.

ಅಮ್ಮೋರ ತಮ್ಮ ದಡಕ್ಕನೆ ಎದ್ದ. "ಏಯ್ ತಡೀರಿ, ನಾನೂ ಬತ್ತೀನಿ!" ಎಂದು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಸ್ಟ್ಯಾಂಡಿನ ಕಡೆ ಓಡಿದ.

"ಆಮೇಲೆ?" ಎಂದರು ಅಮ್ಮೋರು.